ಹೊಟ್ಟೆಕಿಚ್ಚಿನ ಹಂಡೆಗೆ ಕಾವಲು

ಒಂದಾನೊಂದು ಊರಿನಲ್ಲಿ, ಊರೆಂದರೆ ಬಿಸಿಲೂ ಕಂಬಳಿ ಹೊದ್ದುಕೊಂಡೇ ಬಂದು ಹೋಗುವಂಥ ಊರಿನಲ್ಲಿ, ಈರಕ್ಕ ಅಂತ ಒಬ್ಬಳಿದ್ದಳು. ಊರಿನ ಹೆಸರು ಗಡಗಡಪುರ. ಆ ಊರಿನ ಚಳಿ ಎಂಥದ್ದು ಅಂತೀರಿ? ಗೋಡೆಗೆ ಒರಗಿ ಕೂತರೆ ನೆರಳು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಏಳುವಾಗ ದೋಸೆ ಮಗುಚುವ ಕೈ ತಂದು, ದೋಸೆ ಎಬ್ಬಿಸಿದ ಹಾಗೇ ಅಂಚಿನಿಂದ ಮೆಲ್ಲಗೆ ಎಬ್ಬಿಸಬೇಕು. ಅವಸರ ಮಾಡಿದರೆ ನೆರಳು ಹರಿಯುತ್ತಿತ್ತು. ಹರಿದ ನೆರಳಿನವರು ಆ ಊರಲ್ಲಿ ಬಹಳ ಜನ. ಅವರು ನಡೆದರೆ ಅರ್ಧ ನೆರಳು ಹಿಂದೆ ಕುಂಟುತ್ತಾ ಬರುತ್ತಿತ್ತು. ಉಳಿದರ್ಧ ಯಾವುದೋ ಗೋಡೆಯ ಮೇಲೆ ಕೂತು, ಯಾರಾದರೂ ಹಾದುಹೋದರೆ ತಲೆ ತಿರುಗಿಸಿ ನೋಡುತ್ತಿತ್ತು.

ಈರಕ್ಕನ ಮನೆಯಲ್ಲಿ ಗಂಡ ಕೊಟ್ರಪ್ಪ, ಅತ್ತೆ ತಿಮ್ಮಜ್ಜಿ, ತೊಟ್ಟಿಲಲ್ಲಿ ಒಂದು ಹೆಣ್ಣುಕೂಸು, ಒಲೆಯ ಪಕ್ಕ ಒಂದು ಬೆಕ್ಕು. ತಿಮ್ಮಜ್ಜಿ ಹುಟ್ಟಿದಾಗಿನಿಂದಲೂ ತಣ್ಣಗಿದ್ದ ಹೆಂಗಸು. ಅವಳು ಮುಟ್ಟಿದ ಮಜ್ಜಿಗೆಯಲ್ಲಿ ಕಡೆಯದೆಯೇ ಬೆಣ್ಣೆ ತೇಲುತ್ತಿತ್ತು. ಮೈ ಅಷ್ಟು ತಣ್ಣಗಿದ್ದರೂ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಈರಕ್ಕ ಒಳಗೆ ಸಾರಿಗೆ ಉಪ್ಪು ಮರೆತರೆ, ಬೀದಿಯ ಆ ತುದಿಯವರು ಉಪ್ಪಿನ ಮರಿಗೆ ಹಿಡಿದುಕೊಂಡು ಬಂದು "ಬೇಕೇನಮ್ಮಾ?" ಅನ್ನುತ್ತಿದ್ದರು. ಗಂಡ ಹೆಂಡತಿ ಪಿಸುಗುಟ್ಟಿದ್ದನ್ನು ಬಾವಿಕಟ್ಟೆಯ ಮೇಲೆ ಜನ ಜೋರಾಗಿ ಚರ್ಚೆ ಮಾಡುತ್ತಿದ್ದರು. ಈರಕ್ಕನಿಗೆ ಚಳಿಯ ನಡುಕ ಅರ್ಧ, ಅತ್ತೆಯ ಬಾಯಿಯ ನಡುಕ ಅರ್ಧ.

ಆ ವರ್ಷ ಚಳಿ ಎಲ್ಲ ವರ್ಷಕ್ಕಿಂತ ಜೋರಾಯಿತು. ಒಂದು ಬೆಳಿಗ್ಗೆ ಕೂಸಿನ ನೆರಳು ತೊಟ್ಟಿಲ ಬಟ್ಟೆಗೆ ಅಂಟಿಕೊಂಡಿತು. ಈರಕ್ಕ ಎಷ್ಟು ಮೆಲ್ಲಗೆ ಎಬ್ಬಿಸಿದರೂ ಕೂಸು ಚೀರಿತು.

"ರೀ, ಇನ್ನು ನನ್ನಿಂದಾಗಲ್ಲ. ಹಂಡೆ ಮಾಡಿಸಿ" ಅಂದಳು.

"ಬಚ್ಚಲಲ್ಲಿ ಹಂಡೆ ಇದೆಯಲ್ಲೇ?"

"ಅದು ನೀರು ಕಾಯಿಸೋ ಹಂಡೆ. ನಾನು ಹೇಳ್ತಿರೋದು ಮನೇನೇ ಕಾಯಿಸೋ ಹಂಡೆ."

ಕೊಟ್ರಪ್ಪ ಕಂಚುಗಾರ ಮೋನಪ್ಪಾಚಾರಿಯನ್ನು ಕರೆತಂದ. ಮೋನಪ್ಪಾಚಾರಿ ತಾಮ್ರದ ದೊಡ್ಡ ಹಂಡೆ ಮಾಡಿ, ಬಚ್ಚಲ ಒಲೆಯ ಮೇಲೆ ಹಳೆಯದರ ಜಾಗದಲ್ಲಿ ಕೂರಿಸಿದ. ಹಂಡೆಯ ಬಾಯಿಗೆ ಮುಚ್ಚಳ ಬೆಸೆದ. ಹಂಡೆಯಿಂದ ಕೊಳವೆ ಎಳೆದು, ಗೋಡೆಯೊಳಗೆ ಹಾಯಿಸಿ, ನಡುಮನೆ ಸುತ್ತಿಸಿ, ಅಡುಗೆಮನೆ ಸುತ್ತಿಸಿ, ಮತ್ತೆ ಹಂಡೆಗೇ ತಂದು ಸೇರಿಸಿದ. ಬಿಸಿನೀರು ಮನೆಯ ಮೈಯೊಳಗೆಲ್ಲ ರಕ್ತ ಓಡಿದ ಹಾಗೆ ಓಡಿ ಬರಬೇಕು, ಅದು ಏರ್ಪಾಡು.

ಹೊರಡುವಾಗ ಅವನು ಹೊಸ್ತಿಲ ಮೇಲೆ ನಿಂತು ಹೇಳಿದ: "ನೋಡಪ್ಪ ಕೊಟ್ರಪ್ಪ, ಹಂಡೆಗೆ ಹೊಟ್ಟೆ ಇದೆ. ಹೊಟ್ಟೆಗೆ ಕಿಚ್ಚು ಹಾಕ್ತೀರಿ. ಆಗ ಅದಕ್ಕೆ ಏನು ಬರುತ್ತೆ?"

"ಬಿಸಿ ಬರುತ್ತೆ."

"ಹೊಟ್ಟೆಕಿಚ್ಚು ಬರುತ್ತೆ. ಅದಕ್ಕೇ ಕಾವಲಿಲ್ಲದೆ ಉರಿಸಬೇಡಿ. ಸಾಕು ಅನ್ನೋಕೆ ಒಬ್ಬರು ಬೇಕು. ಉಸಿರು ಬಿಡೋಕೆ ಒಂದು ಬಾಯಿ ಬೇಕು. ನೀರು ತಳ ಕಂಡರೆ ಕೂಗೋಕೆ ಒಂದು ಜೀವ ಬೇಕು. ಎಲ್ಲ ಇಟ್ಟುಕೊಂಡು ಆಮೇಲೆ ಉರಿಸಿ."

"ಆಗಲಿ, ಆಗಲಿ" ಅಂದ ಕೊಟ್ರಪ್ಪ. ಆಚಾರಿ ಬೀದಿ ತಿರುಗಿದ್ದೇ ತಡ, ಒಲೆ ಹಚ್ಚಿದ. ಚಳಿಗೆ ಹಲ್ಲು ಕಟಕಟ ಅನ್ನುವಾಗ ಕಾವಲು ಹುಡುಕಿಕೊಂಡು ಯಾರು ಹೋಗುತ್ತಾರೆ?

ಅಬ್ಬಾ, ಆ ದಿನದ ಸುಖ! ಗೋಡೆಗಳು ಬೆಚ್ಚಗಾದವು. ಗೋಡೆಯ ಮೇಲೆ ಅಂಟಿದ್ದ ಹಳೆಯ ನೆರಳುಗಳೆಲ್ಲ ಬಿಟ್ಟುಕೊಂಡು, ನೆಲಕ್ಕೆ ಜಾರಿ, ತಮ್ಮ ತಮ್ಮ ಯಜಮಾನರನ್ನು ಹುಡುಕಿಕೊಂಡು ಬಾಗಿಲ ಸಂದಿಯಿಂದ ಹೊರಟುಹೋದವು. ಕೂಸು ಕೈಕಾಲು ಆಡಿಸಿತು. ಈರಕ್ಕ ಮದುವೆಯಾದಮೇಲೆ ಮೊದಲ ಸಲ ಕಂಬಳಿ ತೆಗೆದಿಟ್ಟಳು.

ಬಚ್ಚಲ ಕಡೆಯಿಂದ ಒಂದು ದನಿ ಬಂತು. ಕೊಡದೊಳಗೆ ಬಾಯಿಟ್ಟು ಮಾತಾಡಿದಂಥ ದನಿ. "ಬೆಚ್ಚಗಿದೆಯಾ?"

"ಬೆಚ್ಚಗಿದೆಯಪ್ಪ" ಅಂದರು ಎಲ್ಲರೂ.

"ನಾನೇ ತಾನೇ ಬೆಚ್ಚಗೆ ಮಾಡಿದ್ದು?"

"ನೀನೇ ಕಣಪ್ಪ."

ಹಂಡೆ ಮತ್ತೆ ಕೇಳಿತು: "ಹಾಗಾದರೆ ಆ ಬೆಕ್ಕು ಯಾಕೆ ತಾನೇ ತಾನಾಗಿ ಬೆಚ್ಚಗಿದೆ?"

ಈರಕ್ಕ ಬೆಕ್ಕಿನ ಬೆನ್ನು ಸವರಿದಳು. ಕೈ ಝುಮ್ಮೆಂದಿತು. ಬೆಕ್ಕು ಕಲ್ಲಿನ ಹಾಗೆ ತಣ್ಣಗಾಗಿತ್ತು. ಸತ್ತಿರಲಿಲ್ಲ. ಎದ್ದು ಮೈ ಮುರಿಯಿತು, ಹಾಲು ಕುಡಿಯಿತು, ಮಿಯಾಂವ್ ಅಂದಿತು. ಆದರೆ ಅದರ ಮೀಸೆಯ ಮೇಲೆ ಹಿಮ ಕೂತಿತ್ತು, ಮಿಯಾಂವ್ ಅನ್ನುವುದು ತುಂಬ ದೂರದಿಂದ, ಬೇರೆ ಯಾವುದೋ ಬೆಕ್ಕು ಕೂಗಿದ ಹಾಗೆ ಬರುತ್ತಿತ್ತು.

ಆಮೇಲೆ ಹಂಡೆ ಕೇಳಿತು: "ಆ ಸಾರಿನ ಗಡಿಗೆ ಯಾಕೆ ಬೆಚ್ಚಗಿದೆ?" ಕುದಿಯುತ್ತಿದ್ದ ಸಾರು ಗಡಿಗೆಯಲ್ಲೇ ಹೆಪ್ಪುಗಟ್ಟಿತು. ಈರಕ್ಕ ಅದನ್ನು ಒಡೆದು ಬಡಿಸಿದಳು.

ಮಾರನೆಯ ದಿನ ಹಂಡೆ ಕೇಳಿತು: "ಆ ಕೊಟ್ರಪ್ಪ ಯಾಕೆ ಬೆಚ್ಚಗಿದ್ದಾನೆ?"

ಕೊಟ್ರಪ್ಪ ಚಾಪೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚುತ್ತಲೇ ಇದ್ದ. ಅವನ ಹುಬ್ಬಿನ ಮೇಲೆ ಬಿಳಿ ಮೂಡಿತು. ಈರಕ್ಕ ಓಡಿ ಬಂದು ಅವನ ಕೆನ್ನೆ ಮುಟ್ಟಿದಳು. ಬೀಸುವ ಕಲ್ಲು ಮುಟ್ಟಿದ ಹಾಗಾಯಿತು.

"ರೀ, ಏನಾಯ್ತು ನಿಮಗೆ?"

"ನನಗೇನಾಗಿದೆ? ಚೆನ್ನಾಗಿದ್ದೀನಲ್ಲ" ಅಂದ ಕೊಟ್ರಪ್ಪ. ನಕ್ಕ. ನಗು ತುಟಿಯ ಮೇಲೆ ಬಂದು ಅಲ್ಲೇ ಹೆಪ್ಪುಗಟ್ಟಿತು. ಆಮೇಲೆ ಅವನು ಊಟ ಮಾಡುವಾಗಲೂ ನಗುತ್ತಿದ್ದ, ನಿದ್ದೆ ಮಾಡುವಾಗಲೂ ನಗುತ್ತಿದ್ದ.

ಈರಕ್ಕ ಬಚ್ಚಲಿಗೆ ಹೋಗಿ ಒಲೆಗೆ ಕೊಡಗಟ್ಟಲೆ ನೀರು ಸುರಿದಳು. ಬೆಂಕಿ ನೀರು ಕುಡಿದು ಇನ್ನೂ ಎತ್ತರಕ್ಕೆ ಎದ್ದಿತು. ಸೌದೆಯೆಲ್ಲ ಎಳೆದು ಹೊರಗೆ ಹಾಕಿದಳು. ಸೌದೆಯಿಲ್ಲದ ಒಲೆ ಮೊದಲಿಗಿಂತ ಚೆನ್ನಾಗಿ ಉರಿಯಿತು. ಕಂಡೋರ ಸುಖ ನೋಡಿ ಉರಿಯುವ ಬೆಂಕಿಗೆ ಸೌದೆ ಯಾಕೆ ಬೇಕು?

"ಹಾಗಾದರೆ" ಅಂದಿತು ಹಂಡೆ ಮೆಲ್ಲಗೆ, "ತೊಟ್ಟಿಲಲ್ಲಿ ಏನೋ ಬೆಚ್ಚಗಿದೆಯಲ್ಲ, ಅದೇನು?"

ಈರಕ್ಕನ ಕೈಕಾಲು ತಣ್ಣಗಾಯಿತು. ಆ ತಣ್ಣಗಾದದ್ದೇ ಅವಳನ್ನು ಉಳಿಸಿತು, ಹಂಡೆಗೆ ಅವಳು ಕಾಣಲೇ ಇಲ್ಲ. ತಿಮ್ಮಜ್ಜಿಯಂತೂ ಯಾವತ್ತೂ ಹಂಡೆಗೆ ಕಂಡವಳೇ ಅಲ್ಲ. ಈರಕ್ಕ ಕೂಸನ್ನು ಎತ್ತಿ ಅಜ್ಜಿಯ ಮಡಿಲಲ್ಲಿ ಹಾಕಿ, ಅಜ್ಜಿಯ ಸೆರಗು ಹೊದಿಸಿದಳು. ಆ ತಣ್ಣನೆಯ ಸೆರಗಿನ ಕೆಳಗೆ ಕೂಸು ಹಂಡೆಯ ಕಣ್ಣಿಗೆ ಮರೆಯಾಯಿತು.

"ಅತ್ತೆ, ಅಲ್ಲಾಡಬೇಡಿ. ಕಾವಲು ತರ್ತೀನಿ. ಆಚಾರಿ ಏನೇನು ಬೇಕು ಅಂದಿದ್ರು?"

ತಿಮ್ಮಜ್ಜಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ, ಕೇಳಿದ್ದೆಲ್ಲ ಆಗಲೇ ಬೀದಿಗೆ ಖರ್ಚಾಗಿತ್ತು. ಕೊಟ್ರಪ್ಪ ನಗುತ್ತಾ ಹೇಳಿದ, "ಸಾಕು ಅನ್ನೋಕೆ ಒಬ್ಬರು ಬೇಕಂತೆ." ಅಷ್ಟೇ ನೆನಪಿತ್ತು ಅವನಿಗೆ.

ಆ ರಾಜ್ಯದಲ್ಲಿ ಸಾಕು ಅನ್ನುವ ಅಧಿಕಾರ ಇದ್ದದ್ದು ರಾಜನೊಬ್ಬನಿಗೆ. ಮಿಕ್ಕವರು ಊಟದಲ್ಲೂ 'ಇನ್ನೊಂಚೂರು ಹಾಕಿ' ಅನ್ನಬೇಕಾಗಿತ್ತು. ರಾಜನ ಹೆಸರು ನಖಸೇನ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ನಾಟ್ಯ ಬೇಡ. ಅವನಿಗೆ ಬೇಕಾದದ್ದು ಉಗುರುಬೆಚ್ಚಗಿನ ನೀರು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಈರಕ್ಕ ಅರಮನೆಗೆ ಹೋದಾಗ ಸಭೆಯ ತುಂಬ ನೀರಿನ ಬೋಗುಣಿಗಳು. ಹಬೆ ಎಷ್ಟಿತ್ತೆಂದರೆ ಸಿಂಹಾಸನವೇ ಕಾಣುತ್ತಿರಲಿಲ್ಲ. ಹಬೆಯೊಳಗಿಂದ ಬಿಳಿಚಿಕೊಂಡ ಕೈಯೊಂದು ಬರುತ್ತಿತ್ತು, ಬೋಗುಣಿಗೆ ಬೆರಳು ಅದ್ದುತ್ತಿತ್ತು.

"ಹೆಚ್ಚಾಯಿತು" ಅನ್ನುತ್ತಿತ್ತು ಹಬೆ. ಇನ್ನೊಂದು ಬೋಗುಣಿ. "ಕಡಿಮೆಯಾಯಿತು." ಮತ್ತೊಂದು ಬೋಗುಣಿ.

ಈರಕ್ಕ ಮಂತ್ರಿಯ ಹತ್ತಿರ ಕೇಳಿದಳು, "ಸ್ವಾಮಿ, ದೊರೆಗಳ ಮುಖ ಎಲ್ಲಿ?"

ಮಂತ್ರಿ ಅವಳ ಕಿವಿಯ ಹತ್ತಿರ ಬಗ್ಗಿದ. "ಅದನ್ನು ಕೇಳಬೇಡ ತಾಯಿ. ನಾವೂ ನೋಡಿ ಬಹಳ ಕಾಲವಾಯಿತು."

ಈರಕ್ಕ ಕೈಗೇ ಕೈ ಮುಗಿದಳು. "ಮಹಾಸ್ವಾಮಿ, ನನ್ನ ಹಂಡೆಗೆ ಸಾಕು ಅನ್ನೋದು ಗೊತ್ತಿಲ್ಲ. ಬೆಕ್ಕನ್ನು ತಣ್ಣಗೆ ಮಾಡಿತು, ಗಂಡನ್ನ ತಣ್ಣಗೆ ಮಾಡಿತು. ಈಗ ಕೂಸನ್ನು ಕೇಳ್ತಿದೆ."

"ಸಾಕು ಅನ್ನುವುದು ಯಾರಿಗೂ ಗೊತ್ತಿಲ್ಲ" ಅಂದಿತು ಹಬೆ. "ನನ್ನ ಉಗುರಿಗೆ ಮಾತ್ರ ಗೊತ್ತು. ಕೊಡುತ್ತೇನೆ. ನಿನ್ನ ಗೋಡೆಯಲ್ಲಿ ಅದಕ್ಕೆ ಜಾಗ ಕೊಡು. ಉಗುರು ಅಂದಮೇಲೆ ಬೆಳೆಯುತ್ತದೆ. ಬೆಳೆದದ್ದನ್ನು ಕತ್ತರಿಸಕೂಡದು. ಒಪ್ಪಿದೆಯಾ?"

ಉಗುರು ಬೆಳೆದರೆ ಎಷ್ಟು ಬೆಳೆದೀತು? ಈರಕ್ಕ ಒಪ್ಪಿದಳು. ಹಬೆಯೊಳಗೆ ಕಟ್ ಅಂತ ಶಬ್ದವಾಯಿತು. ಅವಳ ಅಂಗೈಯಲ್ಲಿ ಒಂದು ಉಗುರಿನ ತುಂಡು ಬಂದು ಕೂತಿತು. ಬೆಚ್ಚಗಿತ್ತು.

ಮಂತ್ರಿ ಬಾಗಿಲವರೆಗೆ ಬಂದು ನೆಡುವ ವಿಧಾನ ಹೇಳಿದ. "ಹಂಡೆಯ ಪಕ್ಕದಲ್ಲಿ ನೆಡಬೇಡ, ಹಂಡೆಯ ಬಿಸಿಯನ್ನೇ ಮನೆಯ ಬಿಸಿ ಅಂದುಕೊಳ್ಳುತ್ತದೆ. ಬಾಗಿಲ ಪಕ್ಕ ನೆಡಬೇಡ, ಬೀದಿಯ ಚಳಿಯನ್ನೇ ಮನೆಯ ಚಳಿ ಅಂದುಕೊಳ್ಳುತ್ತದೆ. ನಡುಮನೆಯ ಒಳಗೋಡೆಯಲ್ಲಿ, ಎದೆಯ ಎತ್ತರಕ್ಕೆ ನೆಡು. ಅದರ ಮುಂದೆ ಬಟ್ಟೆಬರೆ ನೇತುಹಾಕಬೇಡ, ಅದಕ್ಕೆ ಮನೆ ಕಾಣಬೇಕು."

ಈರಕ್ಕ ಹಾಗೇ ನೆಟ್ಟಳು. ನಡುಮನೆ ಉಗುರುಬೆಚ್ಚಗಾಯಿತು. ಆ ಕ್ಷಣ ಉಗುರು ಗೋಡೆಯನ್ನು ಬಡಿಯಿತು. ಟಕ್. ಹಂಡೆಯ ಬೆಂಕಿ ತಲೆ ತಗ್ಗಿಸಿತು. ಮನೆ ತಣ್ಣಗಾಗುತ್ತಾ ಬಂದರೆ ಉಗುರು ಸುಮ್ಮನಿರುತ್ತಿತ್ತು, ಬೆಂಕಿ ಏಳುತ್ತಿತ್ತು. ಬೆಚ್ಚಗಾದರೆ ಮತ್ತೆ ಟಕ್.

ಈರಕ್ಕ ನಿಟ್ಟುಸಿರುಬಿಟ್ಟು ಕೂಸನ್ನು ತೊಟ್ಟಿಲಿಗೆ ಹಾಕಿದಳು.

ಉಗುರು ಬೆಳೆಯಿತು. ಉಗುರು ಬೆಳೆದಮೇಲೆ ಅದರ ಹಿಂದೆ ಬೆರಳು ಬರಲೇಬೇಕು, ಬಂತು. ಒಂದು ಬೆರಳು ಬಂದಮೇಲೆ ಉಳಿದ ಬೆರಳು ಒಳಗೇ ಇರುತ್ತವಾ? ಅವೂ ಬಂದವು. ಗೋಡೆಯಿಂದ ಬಿಳಿಚಿಕೊಂಡ ಕೈಯೊಂದು ಹೊರಬಂದು, ನಡುಮನೆಯ ಗಾಳಿಯನ್ನು ಬಟ್ಟೆಯ ನಯ ನೋಡುವವರ ಹಾಗೆ ಹೆಬ್ಬೆರಳಿಂದ ತೀಡಿ ತೀಡಿ ನೋಡುತ್ತಿತ್ತು. ಈರಕ್ಕ ಎದುರಿಗೆ ಹಾದುಹೋದರೆ ಅವಳ ಸೆರಗನ್ನೂ ಹಾಗೇ ತೀಡುತ್ತಿತ್ತು.

ಹೆದರಿ ಪಕ್ಕದ ಮನೆಯ ಹೊನ್ನಮ್ಮನ ಹತ್ತಿರ ಓಡಿದಳು. ಹೊನ್ನಮ್ಮನ ಅಡುಗೆಮನೆಯ ಗೋಡೆಯಲ್ಲಿ ಮೊಣಕೈ ದಾಟಿದ ತೋಳೊಂದು ನೇತಾಡುತ್ತಿತ್ತು. ಅದಕ್ಕೆ ಹಸಿರು ಬಳೆ ತೊಡಿಸಿದ್ದರು.

"ದೊರೆ ಉಗುರು ತಂದೋರ ಮನೇಲೆಲ್ಲ ಇದೆ ಕಣೇ" ಅಂದಳು ಹೊನ್ನಮ್ಮ. "ಒಳ್ಳೇ ಕೈ. ಜರಡಿ ಹಿಡಿ ಅಂದ್ರೆ ಹಿಡಿಯುತ್ತೆ. ಆದರೆ ಇತ್ತೀಚೆಗೆ ಗೋಡೆ ಆಚೆ ಯಾರೋ ಉಸಿರಾಡ್ತಾರೆ. ಕಿವಿಯಿಟ್ಟು ಕೇಳು."

ಈರಕ್ಕ ಕಿವಿಯಿಟ್ಟಳು. ಗೋಡೆಯ ಆಚೆ ಹಿತ್ತಿಲಿತ್ತು, ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಉಸಿರು ಗೋಡೆಯ ಒಳಗೇ ಇತ್ತು.

ಇತ್ತ ಹಂಡೆ ಮಾತು ಬಿಟ್ಟಿತ್ತು. ಹೊಟ್ಟೆಕಿಚ್ಚಿನವರಿಗೆ ನೂರು ಸಲ ಸಾಕು ಸಾಕು ಅಂದರೆ ಏನಾಗುತ್ತದೆ? ಕಿಚ್ಚು ಹೊರಗೆ ಕಡಿಮೆಯಾಗಿ ಒಳಗೆ ಕೂಡುತ್ತದೆ. ಹಂಡೆಯ ಹೊಟ್ಟೆ ಊದಿಕೊಂಡಿತು. ಬೆಸುಗೆ ಬಿಗಿದು ಕಿರ್ರ್ ಅನ್ನುತ್ತಿತ್ತು. ಮಾತಾಡುವ ಹಂಡೆಗಿಂತ ಮಾತಾಡದ ಹಂಡೆಯ ಹೆದರಿಕೆ ದೊಡ್ಡದು. ಈರಕ್ಕ ಬಚ್ಚಲಿಗೆ ಕಾಲಿಡಲು ಅಂಜಿದಳು. ಕೊನೆಗೆ ಮೋನಪ್ಪಾಚಾರಿಯ ಅಂಗಡಿಗೆ ಹೋದಳು.

"ಆವತ್ತೇ ಹೇಳಿದ್ದೆ" ಅಂದ ಆಚಾರಿ. "ಬಾಯಿ ಬೇಕು, ಕೂಗೋ ಜೀವ ಬೇಕು ಅಂತ. ಬಾ, ಆರಿಸಿಕೋ."

ಒಳಗಿನ ಕೋಣೆಯಲ್ಲಿ ಗೂಟದಿಂದ ಗೂಟಕ್ಕೆ ಬಾಯಿಗಳನ್ನು ನೇತುಹಾಕಿದ್ದ. ತುಟಿ ತಾಮ್ರದ್ದು, ನಾಲಿಗೆ ಹಿತ್ತಾಳೆಯದು. ಈರಕ್ಕ ಒಳಗೆ ಬಂದ ಕೂಡಲೇ ಅವೆಲ್ಲ ಒಟ್ಟಿಗೆ ಉಸಿರೆಳೆದುಕೊಂಡವು.

"ಇದು ಪುಕ್ಕಲರ ಬಾಯಿ" ಅಂದ ಆಚಾರಿ. "ಹಂಡೆ ಕೆಮ್ಮಿದರೂ ಸಿಳ್ಳೆ ಹಾಕುತ್ತೆ. ನಿಮಗೆ ನಿದ್ದೆ ಇರಲ್ಲ. ಇದು ಸೋಮಾರಿ ಬಾಯಿ, ಹಂಡೆ ಒಡೆದ ಮೇಲೆ ಆಕಳಿಸುತ್ತೆ. ಇದನ್ನು ಮುಟ್ಟಬೇಡ, ಇದು ಹಿಂದೆ ಒಬ್ಬರ ಮನೇಲಿ ಒಡೆದು ಹೋದ ಹಂಡೆಯದು, ಇನ್ನೂ ಅವರ ಹೆಸರೇ ಕೂಗುತ್ತೆ. ಇದು ವಾಚಾಳಿ ಬಾಯಿ. ಹೊಟ್ಟೇಲಿ ಒಂದು ತೊಟ್ಟೂ ನಿಲ್ಲಿಸಲ್ಲ. ಗದ್ದಲ ಜಾಸ್ತಿ, ಆದರೆ ಹಂಡೆಗೆ ಇದೇ ಒಳ್ಳೆಯದು."

"ಬೇಡ, ಬೇಡ. ಅಂಥದ್ದೊಂದು ಮನೇಲೇ ಇದೆ" ಅಂದಳು ಈರಕ್ಕ. "ಆ ಮೂಲೇದು ಯಾವುದು? ಅಂದವಾಗಿದೆ."

"ಅದು ಮಾನವಂತರ ಬಾಯಿ. ಅಳತೆ ಮೀರಿದಾಗ ಮಾತ್ರ ತೆರೆಯುತ್ತೆ."

"ಅದೇ ಕೊಡಿ."

ಆಚಾರಿ ಅದನ್ನು ಗೂಟದಿಂದ ಇಳಿಸಿದ. ಅತ್ತೆಯ ಬಾಯಿಗೆ ಬೇಸತ್ತ ಸೊಸೆಗೆ ಯಾರು ಬುದ್ಧಿ ಹೇಳುತ್ತಾರೆ? ಬಾಯಿಯ ಜೊತೆಗೆ ಒಂದು ಮರದ ಗೊಂಬೆ ಕೊಟ್ಟ. ಗೊಂಬೆಗೆ ಕಣ್ಣಿರಲಿಲ್ಲ, ಪಾದ ಮಾತ್ರ ದೊಡ್ಡವು.

"ಇದನ್ನು ಹಂಡೆಯೊಳಗೆ ತೇಲಿಬಿಡು. ನೀರಿರೋವರೆಗೆ ತೇಲ್ತಾ ಇರುತ್ತೆ. ನೀರು ಇಳಿದು ಪಾದ ತಳ ಮುಟ್ಟಿದರೆ ಕಿರುಚುತ್ತೆ. ಹೊಟ್ಟೆಕಿಚ್ಚಿಗೆ ನೀರಿನ ಭಯವಿಲ್ಲ, ಸೌದೆಯ ಹಂಗಿಲ್ಲ. ಅದಕ್ಕಿರೋದು ಒಂದೇ ಭಯ, ನಾಲ್ಕು ಜನ ಕೇಳೋ ಹಾಗೆ ಯಾರಾದ್ರೂ ಕೂಗಿಬಿಟ್ಟಾರು ಅಂತ. ಗೊಂಬೆ ಕಿರುಚಿದ್ರೆ ಬೆಂಕಿ ನಾಚಿ ಬೂದಿಯೊಳಗೆ ಮುಖ ಮುಚ್ಚಿಕೊಳ್ಳುತ್ತೆ."

ಆಚಾರಿಯೇ ಬಂದು ಮುಚ್ಚಳ ಕೊರೆದು, ಗೊಂಬೆ ಇಳಿಬಿಟ್ಟು, ತೂತಿಗೆ ಬಾಯಿ ಜೋಡಿಸಿದ. ಬಾಯಿಯ ಮೇಲೆ ಸೂರಿಗೆ ಒಂದು ಕೊಳವೆ ಏರಿಸಿದ, ಹಬೆ ಯಾರ ಮುಖಕ್ಕೂ ಹೊಡೆಯದೆ ಆಕಾಶಕ್ಕೆ ಹೋಗಲಿ ಅಂತ. ಮಾನವಂತರ ಬಾಯಿ ಗಂಭೀರವಾಗಿ ತುಟಿ ಬಿಗಿದು ಕೂತಿತು. ಈರಕ್ಕನಿಗೆ ಬಹಳ ಹಿಡಿಸಿತು.

ಮಾರನೆಯ ದಿನ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕಾಗೆಯೂ ಕೂಗದ ಹೊತ್ತು. ಹಂಡೆ ಬಹಳ ದಿನದ ಮೇಲೆ ಮಾತಾಡಿತು.

"ಗೋಡೆಯಲ್ಲಿರುವ ಆ ಕೈ ಯಾಕೆ ಉಗುರುಬೆಚ್ಚಗಿದೆ?"

ಈರಕ್ಕ ಕೈಯಲ್ಲಿದ್ದ ಮೊರ ಬಿಟ್ಟಳು. ನೋಡನೋಡುತ್ತಿದ್ದಂತೆ ರಾಜನ ಕೈಯ ಮೇಲೆ ಹಿಮ ಕೂತಿತು. ಉಗುರು ನೀಲಿಗಟ್ಟಿತು. ತಣ್ಣಗಾದ ಉಗುರಿಗೆ ಮನೆಯೆಲ್ಲ ತಣ್ಣಗೇ. ಇನ್ನು ಅದು ಸಾಕು ಅನ್ನುವುದುಂಟೇ? ಬೆಂಕಿ ಎದ್ದಿತು. ಎದ್ದದ್ದು ಏಳುತ್ತಲೇ ಹೋಯಿತು. ಗೋಡೆಗಳು ಸುಡತೊಡಗಿದವು. ಬಚ್ಚಲಲ್ಲಿ ಹಂಡೆ ಗರ್ಭಿಣಿಯ ಹಾಗೆ ಉಬ್ಬಿತು. ಮಾನವಂತರ ಬಾಯಿ ತುಟಿ ಬಿಗಿದುಕೊಂಡೇ ಇತ್ತು.

"ಬಾಯಿ ಬಿಡೋ!" ಅಂತ ಈರಕ್ಕ ಬಚ್ಚಲಿಗೆ ಓಡಿ ಚೀರಿದಳು.

ಬಾಯಿ ತುಟಿಯ ಸಂದಿಯಿಂದ ಹೇಳಿತು: "ಮನೆಯ ಮಾತು ಹೊರಗೆ ಹೋಗಬಾರದು."

"ಅಳತೆ ಮೀರಿದೆ!"

"ಮೀರಿದರೆ ಮೀರಲಿ. ಮಾನ ಮುಖ್ಯ."

ಈರಕ್ಕ ನಡುಮನೆಗೆ ಓಡಿ ರಾಜನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಉಜ್ಜಿದಳು. ಅದು ಬೆಚ್ಚಗಾದರೆ ಟಕ್ ಅನ್ನುತ್ತದೆ, ಅದು ಅವಳ ಲೆಕ್ಕ. ಆದರೆ ಭಯಕ್ಕೆ ಅವಳ ಕೈಯೇ ತಣ್ಣಗಿತ್ತು. ತಣ್ಣನೆ ಕೈ ತಣ್ಣನೆ ಕೈಯನ್ನು ಉಜ್ಜಿದರೆ ಚಳಿಯೇ ಹುಟ್ಟುವುದು. ರಾಜನ ಕೈ ತಟ್ಟನೆ ತಿರುಗಿ ಅವಳ ಮಣಿಕಟ್ಟು ಹಿಡಿಯಿತು. ಬಿಗಿಯಾಗಿ ಹಿಡಿಯಿತು. ಗೋಡೆಯೊಳಗೆ ಉಸಿರು ಕೇಳಿಸಿತು. ಮೊಣಕೈ ಹೊರಬಂತು. ತೋಳು ಹೊರಬಂತು. ಬೆಚ್ಚಗಾಗಲು ಯಾರನ್ನಾದರೂ ಒಳಗೆಳೆದುಕೊಳ್ಳಬೇಕು ಅನ್ನುವಂತೆ ಅವಳನ್ನು ಗೋಡೆಯ ಕಡೆಗೆ ಎಳೆಯತೊಡಗಿತು.

"ಇನ್ನು ಹೇಳು" ಅಂದಿತು ಹಂಡೆ. "ತೊಟ್ಟಿಲಲ್ಲಿ ಬೆಚ್ಚಗಿರುವುದು ಏನು?"

ತೊಟ್ಟಿಲಲ್ಲಿ ಕೂಸಿನ ಕಾಲ್ಬೆರಳು ಬಿಳಿಯಾದವು. ಕೂಸು ಅಳಲಿಲ್ಲ. ತಂದೆಯ ಹಾಗೆ ನಗಲು ಶುರುಮಾಡಿತು.

"ಅತ್ತೆ!" ಅಂದಳು ಈರಕ್ಕ. ಆ ಕೂಗಿನಲ್ಲಿ ಬೇರೆ ಮಾತೇ ಇರಲಿಲ್ಲ.

ತಿಮ್ಮಜ್ಜಿ ಎದ್ದಳು. ಸೊಂಟ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಹಂಡೆ ಕೆಂಪಗೆ ಕಾದಿತ್ತು. ಅವಳು ಒಲೆಯ ದಂಡೆ ಹತ್ತಿ, ಹಂಡೆಯ ಮೇಲೆ ಬೋರಲು ಬಿದ್ದು, ಎರಡೂ ತೋಳಿಂದ ಅದನ್ನು ತಬ್ಬಿಕೊಂಡಳು. ಚುಂಯ್ ಅಂತ ಶಬ್ದವಾಯಿತು. ಈರಕ್ಕ ಕಣ್ಣು ಮುಚ್ಚಿಕೊಂಡಳು. ಅಜ್ಜಿ 'ಅಯ್ಯೋ' ಅಂತಾಳೆ ಅಂದುಕೊಂಡಳು. ಅಜ್ಜಿ ಅನ್ನಲಿಲ್ಲ. ಅಷ್ಟು ತಣ್ಣಗಿದ್ದ ಮೈಗೆ ಅಷ್ಟು ಬಿಸಿ ಸರಿಹೋಯಿತು.

ಹಂಡೆ ಬೆಚ್ಚಿತು. "ಯಾರದು? ಯಾರು ನನ್ನ ಮುಟ್ಟಿದ್ದು?"

"ನಾನು ಕಣಪ್ಪ, ತಿಮ್ಮಿ. ಏನೋ ನಿನ್ನ ಹೊಟ್ಟೇಲಿ? ಹೇಳಿಬಿಡು ಮಗಾ."

ಹಂಡೆ ಬಹಳ ಹೊತ್ತು ಗುಡುಗುಡು ಅಂದಿತು. ಆಮೇಲೆ ಹೇಳಿತು: "ಬೆಕ್ಕನ್ನು ಎಲ್ಲರೂ ಸವರುತ್ತಾರೆ. ಕೂಸನ್ನು ಎತ್ತಿಕೊಳ್ಳುತ್ತಾರೆ. ಮನೆಯೆಲ್ಲ ಕಾಯಿಸುವವನು ನಾನು. ನನ್ನನ್ನು ಮುಟ್ಟಿದವರು ಅಯ್ಯೋ ಅಂದು ಕೈ ಎಳೆದುಕೊಂಡರು."

"ನ್ಯಾಯವಾದ ಮಾತು. ಇದನ್ನು ಊರಿಗೇ ಹೇಳಬೇಕು" ಅಂದಳು ತಿಮ್ಮಜ್ಜಿ. ಮಾನವಂತರ ಬಾಯಿಯನ್ನು ಕಿತ್ತು ಬಚ್ಚಲ ಮೂಲೆಗೆ ಎಸೆದಳು. ತೂತಿಗೆ ತನ್ನ ಬಾಯಿ ಕೊಟ್ಟಳು.

ಆಗ ಹಂಡೆಯ ಹೊಟ್ಟೆಯಲ್ಲಿದ್ದದ್ದೆಲ್ಲ ತಿಮ್ಮಜ್ಜಿಯ ಹೊಟ್ಟೆಗೆ ಬಂತು. ತಿಮ್ಮಜ್ಜಿಯ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ? ಕೊಳವೆ ಹಾದು ಸೂರಿನ ಮೇಲೆ ಹೋಯಿತು. ಬಿಳಿ ಹಬೆ, ಹಬೆಯೊಳಗೆ ಅಜ್ಜಿಯ ದನಿ. ಹಂಡೆಯ ದುಃಖ, ಬೆಕ್ಕಿನ ಸುಖ, ಸಾರಿಗೆ ಮರೆತ ಉಪ್ಪು, ಎಲ್ಲ ಕಲಸಿಕೊಂಡು ಗಡಗಡಪುರದ ಮೇಲೆ ಹರಡಿತು. ಜನ ಬಾಗಿಲು ತೆರೆದು ಹೊರಗೆ ಬಂದರು. ಹಂಡೆಯ ಹೊಟ್ಟೆ ಇಳಿಯಿತು. ನೀರೂ ಇಳಿಯಿತು. ಮರದ ಗೊಂಬೆ ತೇಲುತ್ತಾ ತೇಲುತ್ತಾ ಕೆಳಗಿಳಿದು ಅದರ ಪಾದ ತಾಮ್ರಕ್ಕೆ ತಾಗಿತು. ಗೊಂಬೆ ಕಿರುಚಿತು.

ಆ ಕಿರುಚಾಟಕ್ಕೆ ಸೂರಿನ ಅಂಚಿನ ಹೆಂಚುಗಳು ಉದುರಿದವು. ನಾಲ್ಕು ಜನರೇನು, ನಾಲ್ಕು ಬೀದಿಯೇ ಕೇಳಿತು. ಬೆಂಕಿ ನಾಚಿ ಬೂದಿಯೊಳಗೆ ಮುಖ ಮುಚ್ಚಿಕೊಂಡಿತು.

ಹಂಡೆಯ ಮೇಲೆ ಅಜ್ಜಿಯ ಸೀರೆ ಮಾತ್ರ ಇತ್ತು. ಬೆಚ್ಚಗಿತ್ತು. ಅದರೊಳಗೆ ಅಜ್ಜಿ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿ ಮುಗಿಸಿ, ಹಗುರಾಗಿ, ಹೇಳಿದ ಮಾತಿನ ಹಿಂದೆಯೇ ಹೊರಟುಹೋಗಿದ್ದಳು.

ಈರಕ್ಕನಿಗೆ ಅಳಲೂ ಬಿಡುವಿಲ್ಲ. ಗೋಡೆ ಇನ್ನೂ ಅವಳನ್ನು ಎಳೆಯುತ್ತಿತ್ತು. ಅವಳ ಭುಜ ಸುಣ್ಣದೊಳಗೆ ಹುದುಗುತ್ತಿತ್ತು, ಮೊಸರಿಗೆ ಕೈ ಇಟ್ಟ ಹಾಗೆ ಮೆತ್ತಗೆ. ಕತ್ತರಿಸಕೂಡದು ಅಂತ ಮಾತು ಕೊಟ್ಟಿದ್ದಳು. ಕಚ್ಚುವುದೂ ಕತ್ತರಿಸಿದ ಹಾಗೇ. ಅಷ್ಟರಲ್ಲಿ ರಾಜನ ತೋಳು ಪೂರ್ತಿ ಹೊರಬಂದು ಕಂಕುಳು ಕಾಣಿಸಿತು. ಕಂಕುಳು ಬಂದಮೇಲೆ ಕಚಗುಳಿ ಬರಲೇಬೇಕಲ್ಲ? ಕಚಗುಳಿ ಇಡಕೂಡದು ಅಂತ ರಾಜ ಹೇಳಿರಲಿಲ್ಲ. ಈರಕ್ಕ ಇನ್ನೊಂದು ಕೈಯ ತಣ್ಣನೆ ಬೆರಳುಗಳನ್ನು ಅಲ್ಲಿಗೆ ಇಟ್ಟಳು.

ಗೋಡೆ ನಕ್ಕಿತು.

ಹೊನ್ನಮ್ಮನ ಗೋಡೆಯೂ ನಕ್ಕಿತು. ಅವಳ ಪಕ್ಕದ ಮನೆಯ ಗೋಡೆ ನಕ್ಕಿತು. ಊರಿನ ಗೋಡೆಗಳೆಲ್ಲ ನಕ್ಕವು. ಬಾಯಿಯಿಲ್ಲದ ನಗು, ಇಟ್ಟಿಗೆಯಿಂದ ಇಟ್ಟಿಗೆಗೆ, ಹಿ ಹಿ ಹಿ ಅಂತ ಹರಿದು ಅರಮನೆಯ ಕಡೆಗೆ ಹೋಯಿತು. ನಗುತ್ತಾ ನಗುತ್ತಾ ಕೈಗಳೆಲ್ಲ ಮುದುಡಿಕೊಂಡು ಒಳಗೆ ಸೇದಿಹೋದವು. ಹೊನ್ನಮ್ಮನ ಹಸಿರು ಬಳೆಗಳು ನೆಲಕ್ಕೆ ಬಿದ್ದು ಒಡೆದವು. ಈರಕ್ಕನ ಮಣಿಕಟ್ಟು ಬಿಟ್ಟುಕೊಂಡಿತು. ಗೋಡೆಯಲ್ಲಿ ಎದೆಯ ಎತ್ತರಕ್ಕೆ ಒಂದು ಚೂರು ಉಗುರು ಉಳಿಯಿತು. ಬೇಕಾಗಿದ್ದದ್ದೂ ಅಷ್ಟೇ.

ಹಂಡೆ ತಾನು ಕಿತ್ತುಕೊಂಡಿದ್ದ ಬಿಸಿಯನ್ನೆಲ್ಲ ವಾಪಸು ಕೊಟ್ಟಿತು. ಆದರೆ ಯಾವುದು ಯಾರದು ಅಂತ ಗುರುತಿಟ್ಟುಕೊಂಡಿರಲಿಲ್ಲ. ಬೆಕ್ಕಿನ ಬಿಸಿ ಕೊಟ್ರಪ್ಪನಿಗೆ ಬಂತು, ಕೊಟ್ರಪ್ಪನದು ಬೆಕ್ಕಿಗೆ ಹೋಯಿತು. ಅಂದಿನಿಂದ ಕೊಟ್ರಪ್ಪ ಕಿಟಕಿಯ ಮೇಲೆ ಮುದುಡಿ ಮಲಗಿ ಗುರುಗುಟ್ಟುತ್ತಾನೆ. ಬೆಕ್ಕು ಚಾಪೆಯ ಮೇಲೆ ಕೂತು ಎಲೆ ಅಡಿಕೆ ಬೇಡುತ್ತದೆ. ಕೂಸಿನ ಕಾಲ್ಬೆರಳಿಗೆ ಸಾರಿನ ಬಿಸಿ ಬಂತು. ಈಗಲೂ ಅದರ ಪಾದಕ್ಕೆ ಮೂಗಿಟ್ಟರೆ ಇಂಗು ಒಗ್ಗರಣೆಯ ವಾಸನೆ. ಈರಕ್ಕ ಆ ಪಾದವನ್ನು ಕೆನ್ನೆಗೊತ್ತಿಕೊಂಡು, ಅತ್ತೆಯ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, ಆ ಸಂಜೆಯವರೆಗೂ ಅತ್ತಳು.

ಅಳುತ್ತಿರುವಾಗಲೇ ಸೂರಿನ ಕೊಳವೆ ಗೊರಗೊರ ಅಂದಿತು. ತಿಮ್ಮಜ್ಜಿಯ ದನಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿತು: "ಹಂಡೆಗೆ ನೀರು ಹಾಕೋದು ಮರೆತಿದ್ದಾಳ್ರೀ ನಮ್ಮ ಸೊಸೆ!"

ಅಂದಿನಿಂದ ಆ ಮನೆಯ ಹಂಡೆಗೆ ಸ್ವಲ್ಪ ಒತ್ತಡ ಏರಿದರೆ ಸಾಕು, ಅಜ್ಜಿ ಸೂರಿನ ಮೇಲೆ ಮಾತಾಡುತ್ತಾಳೆ. ಜನ ಹೆದರಿ ಬೀದಿ ಬದಲಿಸಿದರು. ಆಮೇಲೆ ಕುತೂಹಲ ತಡೆಯಲಾರದೆ ವಾಪಸು ಬಂದರು. ಅಜ್ಜಿ ಕಾಣುವುದಿಲ್ಲ. ಮೋಡ ಕವಿದ ದಿನ ಮಾತ್ರ ಹಬೆಗೆ ಮುದುಕಿಯ ಬೆನ್ನಿನ ಬಾಗು ಬರುತ್ತದೆ ಅನ್ನುತ್ತಾರೆ.

ಮರುವರ್ಷ ಮೋನಪ್ಪಾಚಾರಿ ಹೊಸದೊಂದು ಬಾಯಿ ಹಿಡಿದುಕೊಂಡು ಬಂದ. ತೆಳು ತುಟಿ, ನಯವಾದ ನಾಲಿಗೆ. "ನೋಡು ಈರಕ್ಕ, ಈಗ ಒಳ್ಳೊಳ್ಳೆಯವು ಬಂದಿವೆ. ಸರಿಯಾದ ಹೊತ್ತಿಗೆ ತೆರೆಯುತ್ತೆ, ಹಬೆ ಬಿಡುತ್ತೆ, ಮುಚ್ಚಿಕೊಳ್ಳುತ್ತೆ. ಒಂದು ಮಾತೂ ಆಡಲ್ಲ. ಅಜ್ಜಿಗೂ ವಿಶ್ರಾಂತಿ. ಹಾಕಿಕೊಡಲಾ?"

ಈರಕ್ಕ ಆ ಬಾಯಿಯನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸೂರಿನ ಕಡೆ ನೋಡಿದಳು. ಮತ್ತೆ ಬಾಯಿಯನ್ನು ನೋಡಿದಳು.

"ಬೇಡ ಬಿಡಿ ಆಚಾರ್ರೆ" ಅಂದಳು.

ಮೇಲಿನಿಂದ, ಊರಿಗೆಲ್ಲ ಕೇಳುವ ಹಾಗೆ, ದನಿ ಬಂತು: "ಬೇಡ ಅಂದಳು ಕಣ್ರೇ ನಮ್ಮ ಸೊಸೆ! ಆದರೆ ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು!"

ಇದರಿಂದ ತಿಳಿಯಬೇಕಾದ ನೀತಿ ಏನೆಂದರೆ, ಹಂಡೆಗೆ ಬಾಯಿ ಆರಿಸುವಾಗ ಮಾನವಂತರ ಬಾಯಿ ಆರಿಸಬೇಡಿ. ರಾಜನ ಉಗುರು ತರುವುದಾದರೆ ಅವನ ಕಂಕುಳು ಎಲ್ಲಿದೆ ಅಂತ ವಿಚಾರಿಸಿಕೊಂಡು ತನ್ನಿ.

ಕತೆ ಕೊಳವೆ ಹತ್ತಿತು, ಹಬೆ ಊರು ಸುತ್ತಿತು. ಹಿಡಿದವರಿಗೆ ಕೈ ಒದ್ದೆ, ಕೇಳಿದವರಿಗೆ ಕಿವಿ ಬೆಚ್ಚಗೆ.